ಮೇಲ್ಗೋಡೆ

ಕೇಳಿತ್ತೋ ಇಲ್ಲವೋ? ಹಾರೆಯ ತುದಿ ಕಲ್ಲಿಗೆ ತಾಗಿದ್ದು ಕಣ್ಣಿಗೆ ಕಂಡಿತ್ತು, ಅದರ ಪೆಟ್ಟು ಭುಜದವರೆಗೂ ಹತ್ತಿತ್ತು, ಏನೋ ಒಂದು ಸದ್ದು ಬಂದದ್ದೂ ನಿಜ. ಆದರೆ ಅದು ಗಟ್ಟಿ ಕಲ್ಲಿನ ಸದ್ದೋ, ಒಳಗೇ ಬಿರುಕು ಬಿಟ್ಟುಕೊಂಡು ನಿಂತ ಕಲ್ಲಿನ ಸದ್ದೋ ಎಂಬುದು, ನಿನ್ನೆಯಿಂದ ಎಷ್ಟು ಕೆದಕಿದರೂ ಅವನಿಗೆ ತಿಳಿಯುತ್ತಿರಲಿಲ್ಲ. ನೆನಪಿನಲ್ಲಿ ಹಾರೆ ಎತ್ತಿ ಬಡಿದಾಗ ಕಲ್ಲು ಒಮ್ಮೆ ಗಂಟೆಯ ಹಾಗೆ ಠಣ್ಣೆನ್ನುತ್ತಿತ್ತು. ಆ ಠಣ್ಣೆನ್ನುವುದು ಕಿವಿ ನೆಟ್ಟಗಿದ್ದ ಕಾಲದ್ದು, ಅದನ್ನು ತಾನೇ ತಂದು ಇಲ್ಲಿಗೆ ಅಂಟಿಸುತ್ತಿದ್ದೇನೆ ಎಂದು ಆಮೇಲೆ ಅನ್ನಿಸುತ್ತಿತ್ತು. ಇನ್ನೊಮ್ಮೆ ಬಡಿದಾಗ ಖಾಲಿ ಡಬ್ಬದ ಹಾಗೆ ಡಬ್ಬೆನ್ನುತ್ತಿತ್ತು. ಅದು ಹೆದರಿಕೆ ಮಾಡಿಕೊಟ್ಟ ಸದ್ದೂ ಇರಬಹುದು. ಗಣಿಯ ಕಚೇರಿಯಲ್ಲಿ ಅವನ ಮೇಜಿನ ಮೇಲೆ ಸಾಲಾಗಿ ಕಲ್ಲಿನ ಚೂರುಗಳಿದ್ದವು. ಬೇರೆಯವರ ಮೇಜಿನ ಮೇಲೆ ಅದಿರು ಇರುತ್ತದೆ, ಬೆಳಕು ಬಿದ್ದರೆ ಮಿನುಗುತ್ತದೆ. ಅವನ ಚೂರುಗಳು ಬರೀ ಬೂದಿ ಬಣ್ಣದವು, ಅದಿರಿನ ಎಳೆಯನ್ನು ಎರಡೂ ಕಡೆಯಿಂದ ಹಿಡಿದುಕೊಂಡಿರುವ ಕಲ್ಲಿನವು. ಅಗೆದು ಹೊರಗೆ ತಂದು ಗುಡ್ಡೆ ಹಾಕುವಂಥವು. ಓದುವ ಕಾಲದಲ್ಲಿ ಪ್ರಬಂಧಕ್ಕೆ ಅವನು ಈ ಕಲ್ಲನ್ನೇ ಆರಿಸಿಕೊಂಡಾಗ ಪ್ರೊಫೆಸರರು, 'ಒಡವೆ ಬಿಟ್ಟು ಡಬ್ಬಿ ನೋಡ್ತಾ ಕೂತವನನ್ನ ನಾನು ಮೊದಲನೇ ಸಲ ನೋಡ್ತಿರೋದು' ಅಂದಿದ್ದರು. ತರಗತಿಯೆಲ್ಲ ನಕ್ಕಿತ್ತು. ಅವನೂ ನಕ್ಕಿದ್ದ, ಒಳಗೆ ಏನೋ ಚುಚ್ಚಿದರೂ. ಡಬ್ಬಿ ಗಟ್ಟಿಯಾಗಿದ್ದರೆ ತಾನೇ ಒಡವೆಗೆ ಕೈ ಹಾಕಿದವನ ಕೈ ಉಳಿಯುವುದು ಎಂದು ಹೇಳಬೇಕೆಂದಿದ್ದ, ಆ ಮಾತು ಹಾಸ್ಟೆಲಿಗೆ ಹೋಗಿ ಮಲಗಿದ ಮೇಲೆ ಹೊಳೆದಿತ್ತು.

ಭೂಮಿಯೊಳಗೆ ಎಳೆ ನೆಟ್ಟಗೆ ನಿಂತಿರುವುದಿಲ್ಲ, ಒಂದು ಕಡೆಗೆ ವಾಲಿರುತ್ತದೆ. ಅದಿರನ್ನು ಬಗೆದು ತೆಗೆದಾಗ ಕಾಲ ಕೆಳಗೊಂದು ಕಲ್ಲು ಉಳಿಯುತ್ತದೆ, ತಲೆಯ ಮೇಲೊಂದು. ಕೆಳಗೋಡೆ, ಮೇಲ್ಗೋಡೆ ಅನ್ನುತ್ತಾರೆ. ಕೆಳಗೋಡೆಯ ಮೇಲೆ ನಿಂತು ಜನ ಕೆಲಸ ಮಾಡುತ್ತಾರೆ. ಮೇಲ್ಗೋಡೆ ಅವರ ಮೇಲೆ ಬಾಗಿಕೊಂಡಿರುತ್ತದೆ, ಮಲಗಿದ ಮಗುವಿನ ಮುಖ ನೋಡಲು ಬಗ್ಗಿದ ತಾಯಿಯ ಹಾಗೆ ಎಂದು ಒಂದು ಕಾಲದಲ್ಲಿ ಅವನಿಗೆ ಅನ್ನಿಸುತ್ತಿತ್ತು. ಈಗೀಗ ಅದು ಬೇರೆ ಯಾರೋ ಬಗ್ಗಿದ ಹಾಗೆ ಕಾಣುತ್ತದೆ. ಆ ಗೋಡೆಯನ್ನು ಬಡಿದು ನೋಡಿ ಗುರುತು ಹಾಕುವುದು ಅವನ ಕೆಲಸ, ಅದಕ್ಕೇ ಗಣಿಯವರಿಗೆಲ್ಲ ಅವನು ಕಲ್ಲು ಮೇಷ್ಟ್ರು. ಗಟ್ಟಿಯಿದ್ದರೆ ಸುಣ್ಣದಲ್ಲಿ ಒಂದು ಸುತ್ತು. ಇಲ್ಲದಿದ್ದರೆ ಕೆಮ್ಮಣ್ಣಿನಲ್ಲಿ ಕತ್ತರಿ ಗುರುತು, ಆಮೇಲೆ ಮರದ ಕಂಬಗಳು ಬರುವವರೆಗೆ ಅಲ್ಲಿ ಯಾರೂ ಕಾಲಿಡುವಂತಿಲ್ಲ. ಒಬ್ಬ ಬಡಿದು ಗುರುತು ಹಾಕಿದ ಕಲ್ಲನ್ನು ಇನ್ನೊಬ್ಬ ಬಡಿಯುವುದಿಲ್ಲ. ಹಾಗಂತ ಎಲ್ಲೂ ಬರೆದಿಲ್ಲ. ಬಡಿದರೆ ಮೊದಲನೆಯವನ ಮುಖಕ್ಕೆ ಉಗಿದ ಹಾಗೆ ಅಷ್ಟೆ. ಗುರುತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾದರೆ ಹಾಕಿದವನೇ ತನ್ನ ಕೈಯಾರೆ, ಕೆಲಸದವರೆಲ್ಲ ನೋಡುತ್ತಿರುವಾಗ ಒರೆಸಬೇಕು, ಯಾಕೆಂದು ಹೇಳಬೇಕು. ಅವನಿಗಿಂತ ಮೊದಲು ಈ ಕೆಲಸ ಮಾಡುತ್ತಿದ್ದವನು ಹಾಗೆ ಮಾಡಿದ್ದ. ಈಗ ಅವನು ಗಣಿಯ ಬಾಯಿಯ ಹತ್ತಿರ ದೀಪದ ಕೋಣೆಯಲ್ಲಿ ಕಿಟಕಿಯ ಹಿಂದೆ ಕೂತು ಹೋಗುವವರಿಗೆ ತಲೆದೀಪ ಕೊಡುತ್ತಾನೆ, ಬಂದವರಿಂದ ಇಸಿದುಕೊಳ್ಳುತ್ತಾನೆ. ಎಲ್ಲರೂ ಅವನನ್ನು ಒರೆಸಣ್ಣ ಎಂದು ಕರೆಯುತ್ತಾರೆ. ಆ ಹೆಸರಿಗೆ ಅವನು ಓಗೊಡುವುದನ್ನು ಕಂಡಾಗಲೆಲ್ಲ ಇವನಿಗೆ ಮೈ ಮುದುರುತ್ತದೆ.

ಕೆಲವು ತಿಂಗಳ ಹಿಂದೆ, ತಾನಿರುವ ಅಕ್ಕನ ಮನೆಯಲ್ಲಿ, ಒಂದು ಬೆಳಗ್ಗೆ ಚಹಾ ಕಲಕುತ್ತಿದ್ದಾಗ ಅವನಿಗೆ ತನ್ನ ಕಿವಿಯ ಸಂಗತಿ ಗೊತ್ತಾಗಿದ್ದು. ಚಮಚ ಗಾಜಿನ ಲೋಟಕ್ಕೆ ತಗಲುವುದು ಕಾಣುತ್ತಿತ್ತು, ಸದ್ದಿರಲಿಲ್ಲ. ಅಕ್ಕನ ಮಾತು ಕೇಳುತ್ತಿತ್ತು, ರಸ್ತೆಯಲ್ಲಿ ಹೋಗುವ ಲಾರಿ ಕೇಳುತ್ತಿತ್ತು, ಭಾವ ಬಚ್ಚಲಲ್ಲಿ ಕ್ಯಾಕರಿಸುವುದು ಕೇಳುತ್ತಿತ್ತು. ಚಮಚ ಮಾತ್ರ ಮೂಕವಾಗಿ ಸುತ್ತುತ್ತಿತ್ತು. ಆಮೇಲೆ ಕೈಗಡಿಯಾರವನ್ನು ಕಿವಿಗಿಟ್ಟು ನೋಡಿದ, ಬೀಗದ ಕೈಗೊಂಚಲು ಅಲ್ಲಾಡಿಸಿ ನೋಡಿದ. ಸಣ್ಣ, ಚೂಪು ಸದ್ದುಗಳೆಲ್ಲ ಲೋಕದಿಂದ ಎದ್ದು ಹೋಗಿದ್ದವು. ಇಷ್ಟು ವರ್ಷದ ಸಿಡಿಮದ್ದು, ಡ್ರಿಲ್ಲು ಅವನ್ನು ಅರೆದು ನುಂಗಿದ್ದವು. ಹೇಳಿಕೊಳ್ಳಲು ನಾಚಿಕೆಯಾಗುವಂಥ ಸಂಗತಿಯೆಂದರೆ, ಮೊದಲ ಕೆಲವು ದಿನ ಅವನಿಗೆ ಅದು ಹಿತವಾಗಿಯೇ ಇತ್ತು. ಯಾರೋ ಕಿಟಕಿಗಳನ್ನೆಲ್ಲ ಮೆಲ್ಲಗೆ ಮುಚ್ಚಿ ಹೋದಂತೆ. ಚಿಕ್ಕಂದಿನಿಂದಲೂ ಅವನು ಗದ್ದಲದ ಮನೆಯಲ್ಲಿ ಬಾಗಿಲ ಹಿಂದೆ ನಿಲ್ಲುತ್ತಿದ್ದ ಹುಡುಗ. ಒಂದು ಮಧ್ಯಾಹ್ನ ಸುರಂಗದಲ್ಲಿ ಹಾರೆ ಎತ್ತಿ ಬಡಿದಾಗ, ಒಳ್ಳೆಯ ಕಲ್ಲು ಯಾವುದರಿಂದ ತಾನು ಒಳ್ಳೆಯದೆಂದು ಹೇಳಿಕೊಳ್ಳುತ್ತದೋ ಆ ಸದ್ದೇ ತನ್ನ ಕಿವಿಯಿಂದ ಹೋಗಿರುವುದು ಎಂದು ಹೊಳೆದು, ನಿಂತಲ್ಲೇ ಬೆವರಿದ್ದ. ಈಗ ಎಲ್ಲ ಕಲ್ಲೂ ಅವನಿಗೆ ಒಂದೇ ಥರ ಡಬ್ಬೆನ್ನುತ್ತಿತ್ತು. ಅಂದಿನಿಂದ ಅವನು ಎಡಗೈಯನ್ನು ಕಲ್ಲಿಗೆ ಒತ್ತಿ ಹಿಡಿದು ಬಲಗೈಯಿಂದ ಬಡಿಯುತ್ತಿದ್ದ. ಬಿಟ್ಟುಕೊಂಡ ಕಲ್ಲು ಅಂಗೈಯಲ್ಲಿ ನಡುಗುತ್ತದೆ. ನಂಬಿದ ಅಂಗೈ ಇಲ್ಲಿಯವರೆಗೆ ಕೈಕೊಟ್ಟಿರಲಿಲ್ಲ. ಕೊಟ್ಟಿದ್ದರೆ ಗೊತ್ತಾಗುತ್ತಿತ್ತು ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಹೇಗೆ ಗೊತ್ತಾಗುತ್ತಿತ್ತು ಎಂಬಲ್ಲಿಗೆ ಯೋಚನೆಯನ್ನು ಹೋಗಗೊಡುತ್ತಿರಲಿಲ್ಲ.

ನಿನ್ನೆ ಮೇಲಿಂದ ನೀರು ಜಿನುಗುತ್ತಿತ್ತು, ಮಂಜಿನಷ್ಟು ತಣ್ಣಗೆ. ಅಂಗೈ ಮರಗಟ್ಟಿತ್ತು. ಹಿಂದೆ ಮ್ಯಾನೇಜರರು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸುತ್ತ ನಿಂತಿದ್ದರು. ಪಶ್ಚಿಮದ ಸುರಂಗದಲ್ಲಿ ಎಳೆ ದಪ್ಪಗಾಗಿದೆ ಎಂದು ಅವರಿಗೆ ಮದುವೆ ಮನೆಯ ಸಡಗರ. 'ಏನ್ ಮೇಷ್ಟ್ರೇ, ಕಲ್ಲಿನ ಹತ್ರ ಸಂಸಾರದ ಕಷ್ಟ ಸುಖ ಎಲ್ಲ ಮಾತಾಡ್ತಿದೀರಾ? ಗಟ್ಟಿ ತಾನೆ?' ಕೆಲಸದವರು ನಕ್ಕರು. ಎಳೆಯ ಅಂಚಿನಲ್ಲಿ ಮೇಲ್ಗೋಡೆಯ ಕಲ್ಲು ಹಸಿರುಗಟ್ಟಿ, ಸೋಪಿನ ಹಾಗೆ ಉಗುರಿಗೆ ಸಿಗುತ್ತಿದ್ದುದನ್ನು ಅವನು ನೋಡಿದ್ದ. ಎಳೆ ಹುಟ್ಟುವಾಗಿನ ಕುದಿಯುವ ನೀರು ಪಕ್ಕದ ಕಲ್ಲನ್ನು ಬೇಯಿಸಿಬಿಟ್ಟಿರುತ್ತದೆ. ಅದಿರು ಎಷ್ಟು ಚೆನ್ನಾಗಿದ್ದರೆ ಅದನ್ನು ಹಿಡಿದುಕೊಂಡಿರುವ ಕಲ್ಲು ಅಷ್ಟು ಕೆಟ್ಟಿರುತ್ತದೆ. ಪ್ರಬಂಧದಲ್ಲಿ ಅವನೇ ಬರೆದ ಮಾತು. ಇನ್ನೊಮ್ಮೆ ಬಡಿಯಬೇಕು ಎಂದುಕೊಂಡ. ಆದರೆ ಇನ್ನೊಮ್ಮೆ ಬಡಿದರೆ ಯಾಕೆ ಅನ್ನುತ್ತಾರೆ. 'ಗಟ್ಟಿ' ಅಂದ. ಆ ಮಾತು ಬಾಯಿಂದ ಹೊರಟದ್ದು ಮಾತ್ರ ಅವನಿಗೆ ಸ್ಪಷ್ಟವಾಗಿ ಕೇಳಿಸಿತ್ತು. ಸುಣ್ಣದ ಡಬ್ಬಿಯಲ್ಲಿ ಕುಂಚ ಅದ್ದಿ ಸುತ್ತು ಬರೆದ, ಎಂದಿನಂತೆ ಕೆಳಗಿನಿಂದ ಶುರುಮಾಡಿ, ಕೊನೆಯಲ್ಲಿ ಬಾಲ ಹೊರಗೆ ಎಳೆದು.

ಇವತ್ತು ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಾಗ ಭಾವ ಆಗಲೇ ತಟ್ಟೆಯ ಮುಂದೆ ಕೂತಿದ್ದ. ಪಶ್ಚಿಮದ ಸುರಂಗದ ಎರಡನೇ ಪಾಳಿಗೆ ಅವನೇ ಮೇಸ್ತ್ರಿ. ಎತ್ತರದ ಆಳು, ಗಣಿಯಲ್ಲಿ ಬಗ್ಗಿ ಬಗ್ಗಿ ಮನೆಯ ಬಾಗಿಲಲ್ಲೂ ಸುಮ್ಮನೆ ತಲೆ ತಗ್ಗಿಸುತ್ತಾನೆ. ಊಟದ ಮೇಜಿನ ಸುತ್ತ ಮೂರು ಕುರ್ಚಿ, ನಾಲ್ಕನೆಯದರ ಮೇಲೆ ಒಗೆದ ಬಟ್ಟೆಯ ರಾಶಿ. ಅವನು ಕೈ ತೊಳೆದು ಬಂದು ಕೂತ.

'ಬಾರಯ್ಯ, ಕಲ್ಲು ಮೇಷ್ಟ್ರು ಸವಾರಿ ಬಂತು' ಅಂದ ಭಾವ. 'ನಿನ್ನಿಂದ ನಮಗೊಂದು ಉಪಕಾರ ಆಯ್ತು ನೋಡು. ಇಷ್ಟು ದಿನ ಪಾಳಿ ಮಧ್ಯದ ಊಟಕ್ಕೆ ಹತ್ತಿ ಇಳಿಯೋ ಬೋನಿನ ಹತ್ರದವರೆಗೂ ನಡಕೊಂಡು ಹೋಗ್ಬೇಕಿತ್ತು. ಇವತ್ತಿಂದ ಅಲ್ಲೇ, ನಿನ್ನ ಸುತ್ತಿನ ಕೆಳಗೇ ಪಂಕ್ತಿ.'

'ಯಾಕೆ, ಅಲ್ಲಿ ನೀರು ಜಿನುಗತ್ತಲ್ಲ?'

'ಸ್ವಲ್ಪ ಪಕ್ಕಕ್ಕೆ ಕೂತ್ರಾಯ್ತು. ನಮ್ಮ ಗೊರಕೆ ನಿನ್ನೆ ಹೋಗಿ ಜಾಗ ನೋಡ್ಕೊಂಡು ಬಂದಿದಾನೆ. ಮೇಷ್ಟ್ರು ಗುರುತು ಹಾಕಿದ ಕಡೆ ಮಲಗಿದ್ರೆ ಹೆಂಡತಿ ಪಕ್ಕ ಮಲಗಿದ್ದಕ್ಕಿಂತ ಧೈರ್ಯ ಅಂತಾನೆ.' ಭಾವ ನಕ್ಕ. ಗೊರಕೆ ಎಂದರೆ ಅವರ ಡ್ರಿಲ್ಲಿನವನು. ಊಟ ಮುಗಿದ ಕೂಡಲೇ, ಕೂತಲ್ಲೇ ನಿದ್ದೆ ಹೋಗುವ ಆಳು.

'ಬೇರೆ ಕಡೆ ಕೂತ್ಕೊಳ್ಳಿ ಭಾವ. ಅಲ್ಲಿ ನಾನಿನ್ನೂ ಅಳತೆ ತಗೋಬೇಕು.'

'ನಾವು ಉಣ್ಣೋ ಹೊತ್ತಲ್ಲಿ ನೀನೇನು ಅಳತೆ ತಗೋತೀಯ, ನಮ್ಮ ಹೊಟ್ಟೆದಾ?'

ಅಕ್ಕ ಬಡಿಸುತ್ತಿದ್ದವಳು ಅವನ ಮುಖವನ್ನೇ ನೋಡಿದಳು. 'ಎರಡು ದಿನದಿಂದ ಮುಖ ಸೊರಗಿದೆ ಕಣೋ ನಿಂದು. ರಾತ್ರಿ ನಿದ್ದೆ ಮಾಡ್ತೀಯೋ ಇಲ್ವೋ? ರೀ, ಇವನನ್ನ ಸುಮ್ ಸುಮ್ನೆ ಕೆಳಗಿಳಿಸ್ಬೇಡಿ, ಸ್ವಲ್ಪ ಸುಧಾರಿಸ್ಕೊಳ್ಳಲಿ.' ಭಾವ, 'ನಾನ್ಯಾಕಮ್ಮ ಇಳಿಸಲಿ, ಅವನು ಸಾಹೇಬ' ಅಂದ. ಲೋಟಕ್ಕೆ ನೀರು ಬೀಳುವುದು ಕಂಡಿತು. ಈಗ ಹೇಳಬಹುದು ಎಂದು ಅವನಿಗೆ ಅನ್ನಿಸಿತು. ಮೂವರೇ ಇದ್ದೇವೆ, ಇವರಿಬ್ಬರೂ ನನ್ನವರು. ಆದರೆ ಹೇಳಿದರೆ ಭಾವ ನಗುವುದಿಲ್ಲ, ಅದೇ ಕಷ್ಟ. ತುತ್ತು ಕೆಳಗಿಟ್ಟು, ಮರುಕದಿಂದ ನೋಡುತ್ತಾನೆ. ಮೆಲ್ಲಗೆ, ತುಂಬ ಮೆಲ್ಲಗೆ, ಇದಕ್ಕೆ ಮೊದಲು ಹಾಕಿದ ಸುತ್ತುಗಳ ಬಗ್ಗೆ ಕೇಳುತ್ತಾನೆ. ಇಷ್ಟು ತಿಂಗಳು ತನ್ನನ್ನೂ ತನ್ನ ಆಳುಗಳನ್ನೂ ಯಾವುದರ ಕೆಳಗೆ ನಿಲ್ಲಿಸಿದ್ದೆ ಎಂದು ಬಾಯಿಬಿಟ್ಟು ಕೇಳದೆಯೇ ಕೇಳುತ್ತಾನೆ. ಅಕ್ಕ ಬಡಿಸುವ ಕೈಯನ್ನು ಗಾಳಿಯಲ್ಲೇ ಹಿಡಿದು ನಿಲ್ಲುತ್ತಾಳೆ. 'ಉಪ್ಪು ಕೊಡು' ಎಂದ ಅವನು.

ಕೆಮ್ಮಣ್ಣಿನ ಕತ್ತರಿ ಹಾಕಿದರೆ ಮ್ಯಾನೇಜರರು ಬರುತ್ತಾರೆ, ನಿನ್ನೆ ಗಟ್ಟಿಯಿದ್ದದ್ದು ಇವತ್ತು ಹೇಗೆ ಮೆತ್ತಗಾಯಿತು ಅನ್ನುತ್ತಾರೆ, ಬೇರೆಯವನನ್ನು ಕರೆದು ಬಡಿಸುತ್ತಾರೆ, ಆಮೇಲೆ ಹಳೆಯ ಸುತ್ತುಗಳನ್ನೂ ಬಡಿಸುತ್ತಾರೆ. ಎಲ್ಲರ ಮುಂದೆ ಒರೆಸಿದರೆ ದೀಪದ ಕೋಣೆಯಲ್ಲಿ ಇನ್ನೊಂದು ಕುರ್ಚಿ. ಆದರೆ ಸುಣ್ಣ ಸುಣ್ಣವೇ. ನೀರು ಬಿದ್ದರೆ ಕರಗುತ್ತದೆ. ಗುರುತಿಲ್ಲದ ಕಲ್ಲಿನ ಕೆಳಗೆ ಆಳುಗಳನ್ನು ಬಿಡುವ ಮೊದಲು ಮೇಸ್ತ್ರಿ ಕಚೇರಿಗೆ ಫೋನು ಮಾಡಬೇಕು, ಕಲ್ಲು ಮೇಷ್ಟ್ರು ಬಂದು ಹೊಸದಾಗಿ ಬಡಿಯಬೇಕು. ಆಗ ಹಸಿರು ಕಲ್ಲನ್ನು ಈಗ ತಾನೇ ಕಂಡವನ ಹಾಗೆ, 'ಇಲ್ಲಿ ಕಂಬ ಕೊಡಿ' ಎಂದರೆ ಮುಗಿಯಿತು. ಯಾರ ಮಾನವೂ ಹೋಗುವುದಿಲ್ಲ, ಯಾರ ಜೀವವೂ ಹೋಗುವುದಿಲ್ಲ. ಮನೆಯಿಂದ ಗಣಿಯವರೆಗಿನ ರಸ್ತೆಯಲ್ಲಿ ಈ ಉಪಾಯ ಒಂದೊಂದೇ ಹೆಜ್ಜೆಗೆ ಕೂಡಿಬಂದು, ಗೇಟಿನ ಹತ್ತಿರ ಬರುವಷ್ಟರಲ್ಲಿ ಅವನ ನಡಿಗೆಯೇ ಹಗುರಾಗಿತ್ತು.

'ಈ ಹೊತ್ತಲ್ಲಿ ಒಬ್ರೇ?' ಎಂದು ಒರೆಸಣ್ಣ ಕಿಟಕಿಯಿಂದ ದೀಪ ಚಾಚಿದ. ಮೊದಲನೇ ಪಾಳಿಯವರು ಮೇಲೆ ಬಂದಾಗಿತ್ತು, ಎರಡನೆಯವರು ಇನ್ನೂ ಇಳಿದಿರಲಿಲ್ಲ. 'ಭೂತಗನ್ನಡಿ ಕೆಳಗೆ ಬಿಟ್ಟುಬಂದೆ' ಅಂದ ಇವನು. ಒರೆಸಣ್ಣ ದೀಪದ ಪಟ್ಟಿಯ ಗುಂಡಿ ತಾನೇ ಹಾಕಿಕೊಟ್ಟ. ಅವನ ಬೆರಳುಗಳು ಬೆಚ್ಚಗಿದ್ದವು. ಬೋನಿನಲ್ಲಿ ಕೆಳಗಿಳಿಯುವಾಗ, ತಾನೊಬ್ಬನೇ ಇದ್ದದ್ದರಿಂದ ಅದು ದೊಡ್ಡದಾಗಿ ಕಂಡಿತು. ಪಶ್ಚಿಮದ ಸುರಂಗದ ಕೊನೆಯಲ್ಲಿ ಸುತ್ತು ಕತ್ತಲೆಯಿಂದ ಎದ್ದು ಬಂದಂತೆ ಬೆಳ್ಳಗೆ ಕಾಣಿಸಿತು. ಅದರ ಕೆಳಗೆ ಯಾರೋ ಒಂದು ಹಲಗೆ ತಂದು ಎರಡು ಕಲ್ಲಿನ ಮೇಲೆ ಇಟ್ಟಿದ್ದರು, ಕೂರಲು. ಗೊರಕೆಯ ಗೋಣಿತಾಟು ಮಡಿಚಿಟ್ಟಿತ್ತು, ದಿಂಬಿನ ಹಾಗೆ. ಅವನು ಹಾರೆ ಎತ್ತಿ ಒಂದು ಸಲ ಬಡಿದ. ಡಬ್ಬೆಂದಿತು, ಎಲ್ಲ ಕಲ್ಲೂ ಹಾಗೇ ಅನ್ನುತ್ತದೆ. ಅಂಗೈ ಇಟ್ಟು ಇನ್ನೊಮ್ಮೆ ಬಡಿದ. ಕಲ್ಲು ನಡುಗಿತೋ, ಕೈ ನಡುಗಿತೋ. ಮೂರನೆಯ ಸಲ ಹಾರೆ ಎತ್ತಿದವನು ಬಡಿಯಲಿಲ್ಲ, ಆಗ ನಿಜವಾಗಿಯೂ ಗೊತ್ತಾಗಿಬಿಟ್ಟರೆ ಎಂಬ ಹೆದರಿಕೆಗೆ. ಕರವಸ್ತ್ರವನ್ನು ಗೋಡೆಯ ನೀರಲ್ಲೇ ಅದ್ದಿ ಸುತ್ತನ್ನು ಒರೆಸಿದ. ಮೇಲಿಂದ ಕೆಳಕ್ಕೆ, ನೀರು ಹರಿದು ಕರಗಿದ ಹಾಗೆ ಕಾಣಲೆಂದು. ಸುಣ್ಣ ಬಿಳಿ ಹಾಲಾಗಿ ಇಳಿದು ಹೋಯಿತು. ಹಲಗೆಯನ್ನು ಎತ್ತಿ ದೂರ ಇಡೋಣವೆಂದುಕೊಂಡ. ಯಾರೋ ಬಂದು ಹೋದದ್ದು ತಿಳಿಯುತ್ತದೆ ಎಂದು ಇದ್ದಲ್ಲೇ ಬಿಟ್ಟ.

ಕಚೇರಿಯಲ್ಲಿ ಫೋನಿನ ಪಕ್ಕ ಕೂತ. ಅದರ ಗಂಟೆ ದಪ್ಪ ಸದ್ದಿನದು, ಇನ್ನೂ ಕೇಳುತ್ತದೆ. ಆದರೂ ಕೈಯನ್ನು ಅದರ ಮೇಲೇ ಇಟ್ಟುಕೊಂಡ, ಬಡಿದರೆ ನಡುಗಲಿ ಎಂದು. ಕಿಟಕಿಯಾಚೆ ಎರಡನೇ ಪಾಳಿಯವರು ಬೋನಿನ ಕಡೆಗೆ ಹೋಗುತ್ತಿದ್ದರು. ಗೊರಕೆ ಯಾರದೋ ಹೆಲ್ಮೆಟ್ಟನ್ನು ಹಿಂದಿನಿಂದ ತಟ್ಟಿ ಓಡಿದ. ಭಾವ ಕಚೇರಿಯ ಕಡೆ ತಿರುಗಿ, ಇವನು ಕಾಣಿಸುತ್ತಾನೋ ಇಲ್ಲವೋ ಎಂದು ನೋಡದೆಯೇ ಕೈ ಬೀಸಿದ. ಈಗ ಇಳಿದಿರುತ್ತಾರೆ. ಈಗ ಸುರಂಗದಲ್ಲಿ ನಡೆಯುತ್ತಿರುತ್ತಾರೆ. ಈಗ ದೀಪ ಮೇಲೆತ್ತಿ ನೋಡಿರುತ್ತಾರೆ. ಅವನು ಹೇಳಬೇಕಾದ ಮಾತುಗಳನ್ನು ಸಿದ್ಧ ಮಾಡಿಕೊಂಡ, ಹೌದಾ, ಕರಗಿ ಹೋಯ್ತಾ, ಬಂದೆ ಇರಿ. ಗುಮಾಸ್ತೆ ಚಹಾ ತಂದಿಟ್ಟ, ಅದು ಆರಿ ಮೇಲೆ ಕೆನೆ ಕಟ್ಟಿತು. ಫೋನು ಬರಲಿಲ್ಲ. ಗಾಡಿಗಳಲ್ಲಿ ಅದಿರು ತುಂಬುತ್ತಿರಬಹುದು, ಆಮೇಲೆ ಮಾಡುತ್ತಾರೆ. ಪಾಳಿಯ ಊಟದ ಹೊತ್ತು ದಾಟಿತು. ಊಟಕ್ಕೆ ಬೋನಿನ ಹತ್ತಿರ ಬಂದಿದ್ದಾರೆ, ಗುರುತಿಲ್ಲದ್ದರಿಂದ, ಹಾಗಾದರೆ ಒಳ್ಳೆಯದೇ. ಒಂದು ಸಲ ಎದ್ದು ಬಾಗಿಲವರೆಗೆ ಹೋದ. ತಾನಾಗಿ ಇಳಿದು ಹೋದರೆ, ಗುರುತು ಅಳಿಸಿದೆಯೆಂದು ಅವನಿಗೆ ಮೊದಲೇ ಹೇಗೆ ಗೊತ್ತು? ಮರಳಿ ಬಂದು ಕೂತ. ಫೋನಿನ ಮೇಲಿನ ಕೈ ಬೆವರಿನಿಂದ ಅಂಟಿಕೊಂಡಿತ್ತು.

ಮಾರನೆಯ ಬೆಳಗ್ಗೆ ಭಾವ ಎದ್ದು ಬಂದಾಗ ಅವನು ಷೂ ಕಟ್ಟುತ್ತಿದ್ದ. ಭಾವನ ಬೆರಳ ಸಂದಿಯಲ್ಲಿ ಬಿಳಿ ಸುಣ್ಣ ಒಣಗಿತ್ತು.

'ನಿನ್ನೆ ಹೋಗಿ ನೋಡ್ತೀನಿ, ನಿನ್ನ ಸುತ್ತು ಮಂಗಮಾಯ' ಅಂದ ಭಾವ, ಆಕಳಿಸುತ್ತಾ. 'ನೀರು ಪೂರ್ತಿ ತೊಳೆದುಬಿಟ್ಟಿದೆ. ಗೊರಕೆ ಅಂದ, ಫೋನು ಮಾಡಿ ಮೇಷ್ಟ್ರನ್ನ ಕರೀರಿ ಅಂತ. ನಿಮ್ಮಕ್ಕ ಹೇಳಿದ್ದು ನೆನಪಾಯ್ತು. ಪಾಪ, ಅವನನ್ನ ಯಾಕೆ ಇನ್ನೊಂದ್ಸಲ ಇಳಿಸೋದು, ನಿನ್ನೆ ತಾನೇ ಬಡಿದು ನೋಡಿದಾನಲ್ಲ, ಒಂದು ದಿನಕ್ಕೆ ಕಲ್ಲೇನು ಕರಗತ್ತಾ ಅಂತ ನಾನೇ ಬರೆದೆ. ಡ್ರಿಲ್ಲಿನ ತೂತಿಗೆ ಗುರುತು ಮಾಡೋ ಸುಣ್ಣ ಇತ್ತಲ್ಲ. ನಿನ್ನಷ್ಟು ಗುಂಡಗೆ ಬರಲಿಲ್ಲ ಕಣಯ್ಯ, ಮೊಟ್ಟೆ ಥರ ಆಗಿದೆ. ಎಲ್ಲ ನಕ್ಕರು.'

ಅವನ ಬೆರಳು ಷೂ ದಾರದ ಗಂಟಿನ ಮೇಲೆ ನಿಂತಿತು.

'ಹೇಳಬೇಡ ಮತ್ತೆ ಮ್ಯಾನೇಜರಿಗೆ' ಅಂದ ಭಾವ. 'ತಪ್ಪೇ ಅದು. ಆದ್ರೆ ನಿನ್ನ ಗುರುತಲ್ವಾ, ಅದಕ್ಕೇ ಧೈರ್ಯ ಮಾಡಿದೆ.'

'ಹೇಳಲ್ಲ' ಎಂದ ಅವನು.

ಅಕ್ಕ ಒಳಗಿನಿಂದ ಚಹಾ ತಂದಳು. ಭಾವ ಸಕ್ಕರೆ ಹಾಕಿ ಕಲಕಿದ, ಚಮಚ ಲೋಟದೊಳಗೆ ಮೂಕವಾಗಿ ತಿರುಗಿತು. ಇವತ್ತು ಹೇಳುತ್ತೇನೆ ಎಂದು ಅವನು ಅಂದುಕೊಂಡ. ಅಂದು ಮ್ಯಾನೇಜರರು ಅವನನ್ನು ಪೂರ್ವದ ಸುರಂಗಕ್ಕೆ ಕಳಿಸಿದರು. ಮಾರನೆಯ ದಿನ ಪಶ್ಚಿಮದ ಸುರಂಗಕ್ಕೆ ಇಳಿದು, ಕೊನೆಯ ತಿರುವಿನಲ್ಲಿ ನಿಂತ. ಒಳಗೆ ಹಲಗೆಯ ಮೇಲೆ ಸಾಲಾಗಿ ಕೂತು ಅವರು ಡಬ್ಬಿ ಬಿಚ್ಚುತ್ತಿದ್ದರು, ಮೇಲೆ ಮೊಟ್ಟೆಯಾಕಾರದ ಬಿಳಿ. 'ಬನ್ನಿ ಮೇಷ್ಟ್ರೇ, ನಿಮ್ಮದೇ ಚಪ್ಪರ' ಎಂದು ಗೊರಕೆ ಸರಿದು ಜಾಗ ಮಾಡಿಕೊಟ್ಟ. ಅವನು ಹೋಗಿ ಕೂತ. ಅವರ ಜೊತೆ ತಿಂದ. ಕಾಳಿನಷ್ಟು ದಪ್ಪದ ಹಸಿರು ಚೂರೊಂದು ಗೊರಕೆಯ ತೋಳಿನ ಮೇಲೆ ಬಿತ್ತು, ಮಾತಾಡುತ್ತಲೇ ಗೊರಕೆ ಅದನ್ನು ಇರುವೆಯಂತೆ ಕೊಡವಿದ. ಬೀಳುವುದಾದರೆ ಈಗಲೇ ಬೀಳಲಿ, ನಾನೂ ಇದ್ದೇನೆ ಎಂದು ಅವನು ಮನಸ್ಸಿನಲ್ಲೇ ಕಲ್ಲಿಗೆ ಹೇಳಿದ. ಹಾಗೆ ಕೂತದ್ದರಿಂದ ಏನೋ ತೀರಿತು ಎಂದು ಅವನಿಗೆ ಅನ್ನಿಸಿತು. ಮೇಲೆ ಬಂದಾಗ ಸಂಜೆಯ ಗಾಳಿ ಮುಖಕ್ಕೆ ಹಿತವಾಗಿ ತಾಗಿತು.

ಆ ವಾರ ಮುಗಿಯುವ ಮೊದಲೇ ಕಲ್ಲು ಬಿತ್ತು. ಊಟ ಮುಗಿಸಿ ಉಳಿದವರು ಎದ್ದಿದ್ದರು, ಭಾವ ಕೈ ತೊಳೆಯಲು ಆಚೆ ಹೋಗಿದ್ದ. ಹಲಗೆಯ ಮೇಲೆ ಗೊರಕೆ ಮಲಗಿದ್ದ.

ವಿಚಾರಣೆಗೆ ಬಂದ ಅಧಿಕಾರಿಗಳು ಬಿದ್ದ ಕಲ್ಲಿನ ಮೇಲಿನ ಸುಣ್ಣವನ್ನು ತೋರಿಸಿ, ಇದು ನಿಮ್ಮ ಕೈಯ ಗುರುತೇ ಎಂದು ಕೇಳಿದರು. ಮೇಲಿನಿಂದ ಶುರುವಾಗಿ, ಬಾಲ ಒಳಗೆ ಸುತ್ತಿದ ಗುರುತು. 'ಅಲ್ಲ' ಎಂದ ಅವನು. ಅದು ನಿಜವೂ ಆಗಿತ್ತು. ಪಕ್ಕದಲ್ಲಿ ನಿಂತಿದ್ದ ಭಾವ, ಯಾರೂ ಕೇಳುವ ಮೊದಲೇ, 'ನಾನು ಬರೆದದ್ದು' ಅಂದ. ಭಾವನನ್ನು ಕೆಲಸದಿಂದ ತೆಗೆದರು. ದೀಪದ ಕೋಣೆಯಲ್ಲಿ ಕೂಡ ಜಾಗ ಕೊಡಲಿಲ್ಲ. ಈಗ ಅವನು ಮನೆಯಲ್ಲೇ ಇರುತ್ತಾನೆ, ಬಾಗಿಲು ದಾಟುವಾಗ ಇನ್ನೂ ತಲೆ ತಗ್ಗಿಸುತ್ತಾನೆ, ಊಟದ ಮಧ್ಯೆ ತುತ್ತು ಹಿಡಿದುಕೊಂಡು ಗೋಡೆಯನ್ನು ನೋಡುತ್ತ ಕೂತುಬಿಡುತ್ತಾನೆ.

'ನಿಂದು ಒಂದು ಗೇಣು ಆಚೆ ಇತ್ತೇನೋ, ಅಲ್ವಾ?' ಎಂದು ಕೇಳುತ್ತಾನೆ. 'ನೀನು ಗಟ್ಟಿ ಕಲ್ಲಿನ ಮೇಲೇ ಹಾಕಿದ್ದೆ. ನಾನು ಎಡಕ್ಕೆ ತಂದು ಬರೆದೆ. ನೀನು ಬರೆದದ್ದು ಅಷ್ಟು ಎಡಕ್ಕೆ ಇರಲಿಲ್ಲ, ಅಲ್ವಾ?'

ಅಕ್ಕ ಒಲೆಯ ಕಡೆ ತಿರುಗಿಕೊಳ್ಳುತ್ತಾಳೆ.

'ಇದ್ದರೂ ಇರಬಹುದು ಭಾವ' ಎಂದು ಅವನು ಹೇಳುತ್ತಾನೆ. 'ನನಗೂ ಸರಿಯಾಗಿ ನೆನಪಿಲ್ಲ.'

ಭಾವ ಬರೆದದ್ದು ಒಂದು ಬೆರಳಿನಷ್ಟೂ ಆಚೀಚೆಯಾಗಿರಲಿಲ್ಲ. ತನಗೆ ಕಿವಿ ಕೇಳುವುದಿಲ್ಲ ಎಂದು, ಗುರುತನ್ನು ಒರೆಸಿದ್ದು ನೀರಲ್ಲ, ತಾನು ಎಂದು ಅವನು ಹೇಳಲೇ ಇಲ್ಲ.